ಹುಳದ ಮನೆಯಲ್ಲಿ ಓದಿದ ಬೇಸಿಗೆ

ಮೊನ್ನೆ ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಚರಂಡಿಯುದ್ದಕ್ಕೂ ಬ್ಲೀಚಿಂಗ್ ಪೌಡರ್ ಚೆಲ್ಲಿದ್ದರು. ಜನ ಮೂಗು ಮುಚ್ಚಿಕೊಂಡು ದೂರ ಸರಿಯುತ್ತಿದ್ದರೆ ನಾನೊಬ್ಬಳು ಅಲ್ಲೇ ನಿಂತು ಆ ವಾಸನೆಯನ್ನು ಎದೆ ತುಂಬ ಎಳೆದುಕೊಂಡೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಒಂದು ಥರಾ ನೋಡಿದರು. ನೋಡಿಕೊಳ್ಳಲಿ. ರೇಷ್ಮೆ ಹುಳ ಸಾಕುವ ಮನೆಯವರಿಗೆ ಆ ವಾಸನೆ ಎಂದರೆ ಒಂದು ಬೆಳೆ ಮುಗಿಯಿತು, ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋಯಿತು, ಹುಳದ ಮನೆಯನ್ನು ತೊಳೆದು ಔಷಧಿ ಹೊಡೆದು ಮುಂದಿನ ಹುಳ ತರುವವರೆಗೆ ನಾಲ್ಕು ದಿನ ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದು ಎಂದು ಅರ್ಥ. ನನಗಂತೂ ಅದು ಒಂದು ಬೇಸಿಗೆಯ ವಾಸನೆ. ಆ ಬೇಸಿಗೆ ನೆನಪಾದರೆ ಈಗಲೂ ಭುಜದ ಮೇಲಿನ ಭಾರ ಇಳಿದ ಹಾಗಾಗುತ್ತದೆ.

ನಾನು ಮದುವೆಯಾಗಿ ಬಂದದ್ದು ಬೈರಾಪಟ್ಟಣದ ಹತ್ತಿರದ ಒಂದು ಊರಿಗೆ. ಮನೆಯಲ್ಲಿ ಇದ್ದದ್ದು ಮೂವರೇ: ನನ್ನ ಗಂಡ ಮಹೇಶ, ಅತ್ತೆ ಚಿಕ್ಕತಾಯಮ್ಮ, ನಾನು. ಮನೆಯ ಹಿಂದೆ ಹಿಪ್ಪುನೇರಳೆ ಸೊಪ್ಪಿನ ತೋಟ, ತೋಟಕ್ಕೂ ಮನೆಗೂ ನಡುವೆ ಶೀಟು ಹೊದಿಸಿದ ಹುಳದ ಮನೆ. ನಮ್ಮ ಮೂವರನ್ನೂ ಆಳುತ್ತಿದ್ದದ್ದು ಆ ಹುಳದ ಮನೆಯೇ. ಬೆಳಗಾದರೆ ಸೊಪ್ಪು ಕುಯ್ಯಬೇಕು, ಹಾಕಬೇಕು, ಕಸ ತೆಗೆಯಬೇಕು, ಮತ್ತೆ ಸೊಪ್ಪು ಕುಯ್ಯಬೇಕು. ನಡುವೆ ಅಡುಗೆ, ಹಸು, ಬಟ್ಟೆ. ನಮಗೆ ಜ್ವರ ಬಂದರೂ ಹುಳಕ್ಕೆ ಹಸಿವು ತಪ್ಪುವುದಿಲ್ಲ. ಹುಳದ ಮನೆಯ ಸೊಸೆಯ ಹತ್ತಿರ ಏನು ಕೇಳಿದರೂ ಸಿಕ್ಕೀತು, ಬಿಡುವೊಂದು ಬಿಟ್ಟು.

ನನಗೆ ಉಗ್ಗು. ಹುಟ್ಟಿದಾಗಿನಿಂದ ಇದೆಯೋ ಶಾಲೆಗೆ ಸೇರಿದಾಗ ಬಂತೋ ಅಮ್ಮನಿಗೂ ಸರಿಯಾಗಿ ಗೊತ್ತಿಲ್ಲ. ಪ, ಬ, ಕ ಇವು ಮೂರು ನನ್ನ ಹಳೆಯ ಹಗೆಗಳು. ಅಪ್ಪ ನನಗೆ ಇಟ್ಟ ಹೆಸರು ಪವಿತ್ರ. ಜಗತ್ತಿನಲ್ಲಿ ಅಷ್ಟೊಂದು ಅಕ್ಷರಗಳಿದ್ದವು, ನಮ್ಮಪ್ಪನಿಗೆ ಅದೇ ಬೇಕಾಯಿತು. ಹೊಸಬರು ಹೆಸರು ಕೇಳಿದರೆ ತುಟಿ ಅಂಟಿಕೊಂಡುಬಿಡುತ್ತಿತ್ತು. ಟೀಚರ್ ಟ್ರೈನಿಂಗ್ ಮುಗಿಸಿದ್ದೆ, ಅಂಕವೂ ಚೆನ್ನಾಗಿಯೇ ಇತ್ತು. ಆದರೆ ಮದುವೆಗೆ ಮುಂಚೆ ಒಂದು ಶಾಲೆಗೆ ಡೆಮೋ ಕ್ಲಾಸ್ ಕೊಡಲು ಹೋದವಳು ಬೋರ್ಡಿನ ಮುಂದೆ ನಿಂತು ನನ್ನ ಹೆಸರನ್ನೇ ಹೇಳಲಾಗದೆ, ಚಾಕ್‌ಪೀಸನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದು ಬಂದಿದ್ದೆ. ಆಮೇಲೆ ಆ ವಿಷಯವನ್ನು ನಾನೂ ಎತ್ತಲಿಲ್ಲ, ಮನೆಯವರೂ ಎತ್ತಲಿಲ್ಲ.

ಅತ್ತೆ ಕೆಟ್ಟವರಲ್ಲ. ಆದರೆ ಅವರಿಗೆ ಕಾಯುವುದು ಗೊತ್ತಿರಲಿಲ್ಲ. ನನ್ನ ಮಾತು ಅರ್ಧಕ್ಕೆ ನಿಂತರೆ ಉಳಿದರ್ಧವನ್ನು ತಾವೇ ಆಡಿ ಮುಗಿಸುತ್ತಿದ್ದರು. ಒಂದು ಸಂಜೆ ಕಾಫಿ ಮಾಡಲೇ ಎಂದು ಕೇಳಲು ಹೋಗಿ "ಕಾ... ಕಾ..." ಎಂದು ನಿಂತೆ. "ಕಾಯಾ? ತಕ" ಎಂದು ತೆಂಗಿನಕಾಯಿ ಸುಲಿದು ಕೈಗೆ ಕೊಟ್ಟರು. ಅಲ್ಲ ಎಂದು ಹೇಳುವುದಕ್ಕಿಂತ ಕಾಯಿ ತುರಿಯುವುದೇ ಸುಲಭ ಎನ್ನಿಸಿ ಕೂತು ತುರಿದೆ. ಆವತ್ತು ನಮ್ಮ ಮನೆಯಲ್ಲಿ ಕಾಫಿ ಇಲ್ಲ, ಚಟ್ನಿ ಇತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಮಹೇಶ ಪೇಟೆಯಿಂದ ಬಂದವರೇ ಗಾಡಿ ನಿಲ್ಲಿಸಿ, "ಬೈಬ್ಯಾಡ ಕಣೇ, ನಿನ್ ಕೇಳ್ದೆ ಒಂದ್ ಕೆಲ್ಸ ಮಾಡ್ಬುಟ್ಟಿವ್ನಿ" ಎಂದರು. ಹೆದ್ದಾರಿ ಪಕ್ಕದ ಒಂದು ಶಾಲೆಯಲ್ಲಿ ಕನ್ನಡದ ಮಿಸ್ ಬಿಟ್ಟು ಹೋಗುವವರಿದ್ದರಂತೆ. ಶಾಲೆ ತೆರೆದ ವಾರ ಡೆಮೋ ಕ್ಲಾಸ್ ತೆಗೆದುಕೊಂಡು ಹೊಸಬರನ್ನು ಆರಿಸುತ್ತಾರಂತೆ. ಇವರು ನನ್ನ ಹೆಸರು ಕೊಟ್ಟು ಬಂದಿದ್ದರು. ನಾನು ಎರಡು ದಿನ ಅವರ ಹತ್ತಿರ ಮಾತಾಡಲಿಲ್ಲ. ಮಾತಾಡದೆ ಇರುವುದು ನನಗೆ ಕಷ್ಟದ ಕೆಲಸವೇನಲ್ಲ, ಹಾಗಾಗಿ ಅವರಿಗೆ ಅದು ಕೋಪ ಎಂದು ತಿಳಿಯಲೇ ಇಲ್ಲ. ಮೂರನೆಯ ದಿನ ನಾನೇ ಯೋಚಿಸಿದೆ. ಈ ಸಲವೂ ಹೋಗದಿದ್ದರೆ ಇನ್ನು ಯಾವತ್ತೂ ಹೋಗುವುದಿಲ್ಲ. ಸೊಪ್ಪು ಕುಯ್ಯುವುದರಲ್ಲಿ ನಾಚಿಕೆಯೇನಿಲ್ಲ. ಆದರೆ ಹೆದರಿಕೊಂಡು ಸೊಪ್ಪಿನ ಹಿಂದೆ ಅಡಗಿ ಕೂರುವುದು ಬೇರೆ.

ಬೆಂಗಳೂರಿನ ಒಂದು ಆಸ್ಪತ್ರೆಗೆ ಹೋಗಿ ಬಂದೆವು. ಮಾತಿನ ತರಬೇತಿ ಕೊಡುವ ಡಾಕ್ಟರಮ್ಮ ನೇರವಾಗಿ ಮಾತಾಡುವ ಹೆಂಗಸು. "ಉಗ್ಗು ಪೂರ್ತಿ ಹೋಗುತ್ತೆ ಅಂತ ನಾನು ಸುಳ್ಳು ಹೇಳಲ್ಲ. ಅದನ್ನ ಜೊತೇಲಿ ಇಟ್ಕೊಂಡು ಮಾತಾಡೋದು ಕಲೀಬಹುದು" ಎಂದರು. ಅಕ್ಷರದ ಜೊತೆ ಕುಸ್ತಿ ಬೇಡ, ತುಟಿಯನ್ನು ಮೆಲ್ಲಗೆ ಸೇರಿಸಿ ಮೆಲ್ಲಗೆ ಬಿಡಬೇಕು ಎಂದು ತೋರಿಸಿಕೊಟ್ಟರು. ಕೊನೆಗೆ ಹೇಳಿದ್ದು ಇಷ್ಟು: "ದಿನಾ ಗಟ್ಟಿಯಾಗಿ ಓದಿ. ಒಂದೇ ಪ್ಯಾರಾ ಆದ್ರೂ ಸರಿ, ಆದ್ರೆ ದಿನಾ. ಒಂದು ದಿನ ಹತ್ತು ಪುಟ ಓದಿ ವಾರ ಪೂರ್ತಿ ಸುಮ್ನಿದ್ರೆ ಪ್ರಯೋಜನ ಇಲ್ಲ."

ವಾಪಸು ಬರುವಾಗ ರೈಲಿನಲ್ಲಿ ನನಗೆ ನಗು ಬಂತು. ದಿನಾ, ಅದೂ ಗಟ್ಟಿಯಾಗಿ! ನಮ್ಮ ಮನೆಯಲ್ಲಿ ಗಟ್ಟಿಯಾಗಿ ಸೀನಿದರೆ ಪಕ್ಕದ ಮನೆಯವರು ಚಿರಂಜೀವಿ ಎನ್ನುತ್ತಾರೆ. ಆದರೂ ಪ್ರಯತ್ನ ಪಟ್ಟೆ. ಬೆಳಿಗ್ಗೆ ಬೇಗ ಎದ್ದು ಓದೋಣವೆಂದರೆ ಅತ್ತೆ ನನಗಿಂತ ಮುಂಚೆ ಎದ್ದು ಒಲೆ ಮುಂದೆ ಕೂತಿರುತ್ತಿದ್ದರು. ಮಧ್ಯಾಹ್ನ ಓದೋಣವೆಂದರೆ ಪುಸ್ತಕ ಎದೆಯ ಮೇಲೆ, ನಾನು ನಿದ್ದೆಯಲ್ಲಿ. ತೋಟದಲ್ಲಿ ಓದಿದರೆ ಆಚೆ ಹೊಲದವರು "ಯಾರ್ನ ಕೂಗ್ತಿದ್ದೀಯವ್ವ?" ಎಂದು ಕೇಳಿದರು. ಹೀಗೆ ಒಂದು ತಿಂಗಳೇ ಕಳೆಯಿತು, ಒಂದು ಪುಟವೂ ಮುಂದೆ ಹೋಗಲಿಲ್ಲ.

ನನಗೆ ಜಾಗ ತೋರಿಸಿದ್ದು ಒಂದು ನೊಣ. ಊಜಿ ನೊಣ ಎಂದರೆ ಹುಳ ಸಾಕುವವರಿಗೆ ಯಮ. ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋದರೆ ಆ ಹುಳ ಮುಗಿಯಿತು. ಬಾಗಿಲು ಕಿಟಕಿಗೆಲ್ಲ ಜಾಲರಿ ಇದ್ದರೂ ಸೊಪ್ಪಿನ ಜೊತೆ ಒಂದೆರಡು ಒಳಗೆ ಬರುತ್ತವೆ. ಮಧ್ಯಾಹ್ನದ ಸೊಪ್ಪು ಹಾಕಿದ ಮೇಲೆ ಸ್ವಲ್ಪ ಹೊತ್ತು ಒಳಗೇ ನಿಂತು ನೊಣ ಹೊಡೆಯುವುದು ನನ್ನ ಕೆಲಸವಾಗಿತ್ತು. ಮೂರನೇ ಜ್ವರ ಎದ್ದ ಹುಳ ಆಗಷ್ಟೇ ಮೇಯಲು ಶುರು ಮಾಡಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ. ಹುಳ ಮೇವು ಬಿಟ್ಟು ತಲೆ ಎತ್ತಿಕೊಂಡು ಅಲುಗದೆ ಕೂತು ಹಳೆ ಚರ್ಮ ಕಳಚುವ ಹೊತ್ತಿಗೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಮೇಲೆಯೇ ಅದು ಗೂಡು ಕಟ್ಟುವುದು. ಜ್ವರ ಎದ್ದ ಹುಳದ ಹಸಿವು ನೋಡಬೇಕು. ಸಾವಿರಾರು ಹುಳ ಒಟ್ಟಿಗೆ ಸೊಪ್ಪು ಕಡಿಯುವ ಸದ್ದು ಶೀಟಿನ ಮೇಲೆ ಮಳೆ ಸುರಿದ ಹಾಗಿರುತ್ತದೆ.

ಆ ಸದ್ದಿನ ನಡುವೆ ಒಂದು ನೊಣ ನನ್ನ ಕೈಗೆ ಸಿಗದೆ ಮೂಲೆಯಿಂದ ಮೂಲೆಗೆ ಆಡಿಸುತ್ತಿತ್ತು. ರೇಗಿ ಹೋಯಿತು. "ಪಾಪಿ ಮುಂಡೇದೆ!" ಎಂದು ಬೈದೆ. ಬೈದವಳೇ ನಿಂತುಬಿಟ್ಟೆ. ಪ ಬಂದಿತ್ತು! ತುಟಿ ಅಂಟಿರಲಿಲ್ಲ, ಕುತ್ತಿಗೆ ಬಿಗಿದಿರಲಿಲ್ಲ. ಹುಳ ಮೇಯುವ ಸದ್ದಿನಲ್ಲಿ ನನ್ನ ದನಿ ನನಗೇ ಸರಿಯಾಗಿ ಕೇಳಿಸಿರಲಿಲ್ಲ, ಇನ್ನು ಹೊರಗಿನವರಿಗೆ ಕೇಳುವ ಮಾತೆಲ್ಲಿ? ಇನ್ನೊಂದು ಸಲ ಬೈದೆ. ಆಮೇಲೆ ಸಂತೋಷಕ್ಕೇ ನಾಲ್ಕು ಸಲ ಬೈದೆ. ಪಾಪ, ಆ ನೊಣ ಅಷ್ಟೊಂದು ಬೈಗುಳಕ್ಕೆ ಲಾಯಕ್ಕಾಗಿರಲಿಲ್ಲ.

ಮಾರನೆಯ ದಿನ ಮಕ್ಕಳ ಕಥೆಗಳ ಒಂದು ಹಳೆಯ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿ ಕಿಟಕಿಯ ಜಾಲರಿಗೆ ಸಿಕ್ಕಿಸಿದೆ. ಸೊಪ್ಪು ಹಾಕಿದೆ, ನೊಣ ನೋಡಿದೆ, ಒಂದು ಪ್ಯಾರಾ ಓದಿದೆ. ಅಷ್ಟೇ, ಪುಸ್ತಕವನ್ನು ಅಲ್ಲೇ ಬಿಟ್ಟು ಹೊರಗೆ ಬಂದೆ. ಮರುದಿನವೂ ಅಷ್ಟೇ. ಇದಕ್ಕಾಗಿ ನಾನು ಬೇಗ ಏಳಬೇಕಾಗಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ, ಯಾವ ಕೆಲಸವನ್ನೂ ಬಿಡಬೇಕಾಗಲಿಲ್ಲ. ಜ್ವರಕ್ಕೆ ಕೂತ ದಿನ ಬಿಟ್ಟರೆ ಹುಳ ಇರುವಾಗ ಸೊಪ್ಪು ಹಾಕದೆ ಬಿಡುವ ದಿನ ಇರುವುದಿಲ್ಲವಲ್ಲ, ಹಾಗೆಯೇ ಓದದೆ ಬಿಡುವ ದಿನವೂ ಇಲ್ಲವಾಯಿತು. ಎಷ್ಟೋ ವರ್ಷದಿಂದ ಸಮಯ ಇಲ್ಲ ಸಮಯ ಇಲ್ಲ ಎಂದು ಗೋಳಾಡುತ್ತಿದ್ದೆ. ಅದು ಹುಳದ ಮನೆಯಲ್ಲೇ ನನಗಾಗಿ ಕಾದು ನಿಂತಿತ್ತು, ನಾನೇ ನೊಣ ಹೊಡೆಯುತ್ತ ನೋಡಿರಲಿಲ್ಲ.

ಬೆಳೆ ಮುಗಿದಾಗ ಮಾತ್ರ ಪೇಚಾಯಿತು. ಹುಳ ಹಣ್ಣಾಗಿ, ಬಿದಿರಿನ ತಟ್ಟೆಯಂಥ ಚಂದ್ರಿಕೆ ಏರಿ ಗೂಡು ಕಟ್ಟಿದವು, ಗೂಡು ಮಾರ್ಕೆಟ್ಟಿಗೆ ಹೋಯಿತು. ಹುಳವಿಲ್ಲ, ಸದ್ದಿಲ್ಲ, ಮಧ್ಯಾಹ್ನದ ಸೊಪ್ಪೂ ಇಲ್ಲ. ಒಂದು ದಿನ ಓದಲಿಲ್ಲ, ಎರಡು ದಿನ ಓದಲಿಲ್ಲ, ಆಮೇಲೆ ಪುಸ್ತಕ ಎಲ್ಲಿಟ್ಟೆ ಎನ್ನುವುದೂ ಮರೆತುಹೋಯಿತು. ನನ್ನ ಕೈಲಿ ಇಷ್ಟೇ ಆಗುವುದು, ಡೆಮೋಗೆ ಹೋಗಿ ಮತ್ತೆ ಮರ್ಯಾದೆ ಕಳೆದುಕೊಳ್ಳುವುದು ಬೇಡ ಎಂದು ನಿಜವಾಗಿಯೂ ತೀರ್ಮಾನ ಮಾಡಿಬಿಟ್ಟಿದ್ದೆ. ಹೊಸ ಹುಳ ಬಂದು, ಮೊದಲ ಮಧ್ಯಾಹ್ನದ ಸೊಪ್ಪು ಹಾಕಿ ತಿರುಗಿದರೆ ಪುಸ್ತಕ ಕಿಟಕಿಗೆ ಒರಗಿಕೊಂಡೇ ಇತ್ತು. ಯಾರೋ ತೊಳೆಯುವಾಗ ತೆಗೆದು ಮತ್ತೆ ಅಲ್ಲೇ ಇಟ್ಟಿದ್ದರು. ಕೈ ತಾನಾಗಿ ಪುಟ ತಿರುಗಿಸಿತು. ಮುಂದಿನ ಬಿಡುವಿನಲ್ಲಿ ನಾನು ಬುದ್ಧಿ ಕಲಿತಿದ್ದೆ. ಬ್ಲೀಚಿಂಗ್ ನೀರು ಹೊಡೆಯುವ ಮೋಟರು ಗುಡುಗುವಾಗ, ಮೂಗಿಗೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಗೋಡೆಗೆ ಔಷಧಿ ಹೊಡೆಯುತ್ತ ಬಾಯಿಪಾಠವಾಗಿದ್ದ ಕಥೆಗಳನ್ನು ಗಟ್ಟಿಯಾಗಿ ಹೇಳಿದೆ. ಕಣ್ಣು ಉರಿಯುತ್ತಿತ್ತು, ಮಾತು ಸಲೀಸಾಗಿ ಹರಿಯುತ್ತಿತ್ತು. ಆ ವಾಸನೆ ನನಗೆ ಪ್ರಿಯವಾದದ್ದು ಹಾಗೆ.

ಎಡವಟ್ಟಾದದ್ದು ಮೇ ತಿಂಗಳ ಬೆಳೆಯಲ್ಲಿ. ಬಿಸಿಲೆಂದರೆ ಬಿಸಿಲು. ಶೀಟಿನ ಮೇಲೆ ತೆಂಗಿನ ಗರಿ ಹಾಸಿ ನೀರು ಚಿಮುಕಿಸುತ್ತಿದ್ದೆವು. ಆವತ್ತು ಬೆಳಿಗ್ಗೆಯೇ ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅತ್ತೆ ಸುಣ್ಣದ ಪುಡಿ ಉದುರಿಸಿ ಬಾಗಿಲು ಹಾಕಿಕೊಂಡು ಬಂದಿದ್ದರು. ಜ್ವರದ ಹುಳದ ವಿಷಯದಲ್ಲಿ ಅವರು ಬಲು ಕಟ್ಟುನಿಟ್ಟು. "ಬಾಣಂತಿ ಮನ್ಗವ್ಳೆ ಅಂದ್ಕಳಿ. ಸದ್ ಮಾಡಂಗಿಲ್ಲ" ಎನ್ನುತ್ತಿದ್ದರು. ಅದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮಧ್ಯಾಹ್ನವಾಯಿತು, ಕಾಲು ರೂಢಿಯಂತೆ ಹುಳದ ಮನೆಗೆ ನಡೆಯಿತು. ನೊಣ ನೋಡಿ ಬರೋಣ ಎಂದು ಒಳಗೆ ಹೋದವಳ ಕಣ್ಣಿಗೆ ಕಿಟಕಿಯ ಪುಸ್ತಕ ಬಿತ್ತು. ಅದರಲ್ಲಿ ದಾರಿ ತಪ್ಪಿದ ಎಮ್ಮೆಯ ಕಥೆ ಅರ್ಧಕ್ಕೆ ನಿಂತಿತ್ತು. ಸಂತೆಯಲ್ಲಿ ಒಡತಿಯಿಂದ ತಪ್ಪಿಸಿಕೊಂಡ ಎಮ್ಮೆ ಒಂದೊಂದೇ ಊರಿನ ಕೆರೆಯ ನೀರು ಕುಡಿದು ನೋಡಿ, ಇದು ನಮ್ಮೂರಿನ ನೀರಲ್ಲ ಎಂದು ಮುಂದೆ ಹೋಗುವ ಕಥೆ. ಓದತೊಡಗಿದೆ. ಸದ್ದಿನ ಮೇಲೆ ಓದಿ ಓದಿ ನನ್ನ ದನಿ ಜೋರಾಗಿತ್ತು. ಪಕ್ಕದ ಊರು, ಬಾವಿಕಟ್ಟೆ, ಕುರಿಹಟ್ಟಿ, ಎಲ್ಲ ದಾಟಿ ಪುಟದ ಕೊನೆಗೆ ಬಂದು ಉಸಿರು ತೆಗೆದುಕೊಂಡೆ. ಆಗ ನನ್ನ ಕೊನೆಯ ಮಾತು ಶೀಟಿಗೆ ಬಡಿದು ನನಗೇ ವಾಪಸು ಕೇಳಿಸಿತು.

ಹುಳದ ಮನೆಯಲ್ಲಿ ಒಂದಿಷ್ಟೂ ಸದ್ದಿರಲಿಲ್ಲ. ಸಾವಿರಾರು ಹುಳ ತಲೆ ಎತ್ತಿಕೊಂಡು ಅಲುಗದೆ ಕೂತಿದ್ದವು. ತಿರುಗಿದರೆ ಜಾಲರಿ ಬಾಗಿಲ ಆಚೆ ಅತ್ತೆ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ ಏನೋ.

"ಜ್ವರಕ್ ಕುಂತಿರೋ ಹುಳದ್ ಮುಂದೆ ಅದೇನಮ್ಮಿ ಅಂಗ್ ಕೂಗ್ತಿದ್ದೀಯ?" ಎಂದು ಪಿಸುದನಿಯಲ್ಲೇ ಗದರಿದರು. ನಾನು ಪುಸ್ತಕ ಮಡಚಿದೆ. ಅವರು ಬಾಗಿಲ ಹತ್ತಿರಕ್ಕೆ ಬಂದು, "ಅದ್ಸರಿ, ಎಮ್ಮೆ ಸಿಕ್ತಾ?" ಎಂದರು.

ಉತ್ತರ ಹೇಳಲು ಹೋದೆ, "ಪೂ... ಪೂ..." ಎಂದು ನಿಂತಿತು. ಅತ್ತೆ ಅಭ್ಯಾಸಬಲದಿಂದ ಬಾಯಿ ತೆರೆದರು, ತೆರೆದ ಬಾಯಿ ಹಾಗೇ ನಿಂತಿತು. ತುಂಬಿಸಿ ಕೊಡಲು ಅವರ ಹತ್ತಿರ ಏನೂ ಇರಲಿಲ್ಲ. ಎಮ್ಮೆ ಸಿಕ್ಕಿತೋ ಇಲ್ಲವೋ ಅವರಿಗೆ ಗೊತ್ತಿಲ್ಲ, ಗೊತ್ತಿದ್ದರೆ ನನಗೆ ಗೊತ್ತಿರಬೇಕು. ಆ ಮನೆಗೆ ಬಂದ ಮೇಲೆ ಮೊದಲ ಸಲ ಅವರು ನನ್ನ ಮಾತಿಗೆ ಕಾದರು. ನನ್ನ ಮುಖವನ್ನೇ ನೋಡುತ್ತ, ಮುಂದೇನು ಎಂಬ ಆಸೆಯಿಂದ ಕಾದರು. ನಾನು ತುಟಿ ಸಡಿಲ ಮಾಡಿ, ಮೆಲ್ಲಗೆ ಹೇಳಿದೆ: "ಪೂರ್ತಿ ಓದಿಲ್ಲ ಅತ್ತೆ."

"ಅಂಗಾರೆ ಓದ್ಬುಟ್ ಹೇಳು. ಈಗ್ ಬ್ಯಾಡ, ಹುಳ ಏಳ್ಲಿ" ಎಂದು ಹೋದರು.

ಹುಳ ಏಳುವವರೆಗೆ ನನಗೆ ಅನ್ನ ಸೇರಲಿಲ್ಲ. ನನ್ನ ಕೂಗಿಗೆ ಬೆಳೆ ಕೈಕೊಟ್ಟರೆ ಯಾವ ಮುಖ ಇಟ್ಟುಕೊಂಡು ಡೆಮೋ ಹೆಸರೆತ್ತುವುದು? ಮಹೇಶನಿಗೆ ಹೇಳಿದರೆ "ಹುಳಕ್ಕೆ ಕಿವಿ ಎಲ್ಲೈತೆ ಕಣೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಅತ್ತೆ ಹುಳದ ಮನೆಯಿಂದಲೇ ಕೂಗಿದರು: "ಬಾರಮ್ಮಿ ಇಲ್ಲಿ!" ಓಡಿದೆ. ಒಂದು ಹುಳವೂ ಹಿಂದೆ ಉಳಿಯದಂತೆ ಎದ್ದು, ಹೊಸ ಚರ್ಮದಲ್ಲಿ ಬೆಳ್ಳಗೆ ಮಿಂಚುತ್ತ ಸೊಪ್ಪಿಗೆ ತಲೆಯಾಡಿಸುತ್ತಿದ್ದವು. "ನಿನ್ ಕತೆ ಕೇಳಿ ಬೋ ಪಸಂದಾಗ್ ಎದ್ದವೆ ನೋಡು" ಎಂದರು ಅತ್ತೆ. ನಾನು ಅಲ್ಲೇ ಬಾಗಿಲ ಚೌಕಟ್ಟು ಹಿಡಿದು ಅತ್ತುಬಿಟ್ಟೆ. "ಇದ್ಕೆಲ್ಲ ಅಳ್ತಾರಾ? ಸೊಪ್ಪಾಕು" ಎಂದು ಬುಟ್ಟಿ ಕೈಗೆ ಕೊಟ್ಟರು.

ಅವತ್ತಿನಿಂದ ಅತ್ತೆ ಮಧ್ಯಾಹ್ನದ ಸೊಪ್ಪು ಮುಗಿದ ಮೇಲೆ ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತು "ಹುಳಕ್ ಒಬ್ರಿಗೇನಾ ಕತೆ? ನಂಗೂ ಒಸಿ ಹೇಳು" ಎನ್ನತೊಡಗಿದರು. ಎದುರಿಗೆ ಕೇಳುವ ಕಿವಿ ಬಂದ ಕೂಡಲೇ ನನ್ನ ಉಗ್ಗೂ ವಾಪಸು ಬಂತು. ಮೊದಲ ದಿನ ಒಂದು ಸಾಲು ಮುಗಿಸಲು ಬೆವರಿಳಿಯಿತು. ಅತ್ತೆ ಮಾತು ತುಂಬಿಸಲಿಲ್ಲ. ಎಲೆ ಅಡಿಕೆ ಅಗಿಯುತ್ತ ಕಾದರು. ಒಂದೊಂದು ಸಲ ಕಾಯಲಾಗದೆ ಕಾಲು ಕುಣಿಸುತ್ತಿದ್ದರು, ಆದರೂ ಬಾಯಿ ತೆರೆಯಲಿಲ್ಲ. ಒಂದು ಪ್ಯಾರಾ, ಇನ್ನೊಂದು ದಿನ ಇನ್ನೊಂದು ಪ್ಯಾರಾ. ಎಮ್ಮೆ ಕೊನೆಗೆ ಒಂದು ಕೆರೆಯ ದಂಡೆಯಲ್ಲಿ ಒಡತಿಯನ್ನೇ ಕಂಡಿತು. ಅವಳೂ ಕೆರೆಯಿಂದ ಕೆರೆಗೆ ಎಮ್ಮೆಯನ್ನು ಹುಡುಕುತ್ತ ಬಂದಿದ್ದಳು. ಅದನ್ನು ಕೇಳಿ ಅತ್ತೆ "ನಂಗೊತ್ತಿತ್ತು" ಎಂದರು. ಗೊತ್ತಿರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಶಾಲೆ ತೆರೆದ ವಾರ ಮೊದಲ ಮಳೆ ಬಿದ್ದಿತ್ತು. ಮತ್ತೊಂದು ಬೆಳೆ ಹುಳದ ಮನೆಯಲ್ಲಿತ್ತು. ಮಧ್ಯಾಹ್ನದ ಸೊಪ್ಪು ತಾವೇ ಹಾಕುವುದಾಗಿ ಹೇಳಿ ಅತ್ತೆ ನನ್ನನ್ನು ಹೊರಡಿಸಿದರು. "ಹೋಗ್ಬುಟ್ ಬಾ. ಎಮ್ಮೆ ಕತೇನೇ ಹೇಳು, ಅದು ಚೆಂದಾಗೈತೆ" ಎಂದಷ್ಟೇ ಹೇಳಿದ್ದು.

ಮೂರನೇ ಕ್ಲಾಸಿನ ಬಾಗಿಲಲ್ಲಿ ನಿಂತಾಗ ಒಳಗೆ ಒಂದೇ ಗದ್ದಲ. ನನಗೆ ಎಷ್ಟು ಹಾಯೆನಿಸಿತು ಎಂದರೆ, ಹುಳ ಮೇಯುತ್ತಿವೆ, ಇನ್ನೇನೂ ಭಯವಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಹೆಡ್ ಮಿಸ್ ಮೇಜಿನ ಮೇಲೆ ಡಸ್ಟರ್ ಬಡಿದರು. ಗದ್ದಲ ನಿಂತುಹೋಯಿತು. ಅವರು ಹಿಂದಿನ ಬೆಂಚಿನಲ್ಲಿ ಹೋಗಿ ಕೂತು "ಶುರು ಮಾಡಿ" ಎಂದರು. ಮಕ್ಕಳೆಲ್ಲ ತಲೆ ಎತ್ತಿಕೊಂಡು ಅಲುಗದೆ ಕೂತು ನನ್ನನ್ನೇ ನೋಡುತ್ತಿದ್ದರು.

"ನನ್ನ ಹೆಸರು ಪ..." ಎಂದೆ. ತುಟಿ ಅಂಟಿತು. ಹಳೆಯ ಶಾಲೆ, ಹಳೆಯ ಚಾಕ್‌ಪೀಸು, ಎಲ್ಲ ಕಣ್ಣ ಮುಂದೆ ಬಂದು ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಮುಂದಿನ ಸಾಲಿನಲ್ಲಿ ಎರಡು ಜಡೆಯ ಒಬ್ಬಳು ಬಾಯಿ ಅರ್ಧ ತೆರೆದು ನನ್ನ ತುಟಿಯನ್ನೇ ನೋಡುತ್ತಿದ್ದಳು. ಥೇಟ್ ನಮ್ಮತ್ತೆ. ಆಗ ನನಗೆ ಹೊಳೆಯಿತು. ಇವರಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ತುಂಬಿಸಿಕೊಡಲು ಇವರ ಹತ್ತಿರ ಏನೂ ಇಲ್ಲ, ಕಾಯದೆ ಇವರಿಗೆ ಬೇರೆ ದಾರಿಯಿಲ್ಲ. ಹಾಗಿದ್ದ ಮೇಲೆ ನನಗೇನು ಅವಸರ? ತುಟಿಯನ್ನು ಬಿಟ್ಟು, ಉಸಿರು ತೆಗೆದುಕೊಂಡು, ಮತ್ತೆ ಮೆಲ್ಲಗೆ ಸೇರಿಸಿದೆ. "ಪವಿತ್ರ" ಎಂದೆ. ಎರಡು ಜಡೆಯವಳು ನಕ್ಕಳು.

ಕಥೆ ಶುರು ಮಾಡಿದೆ. ಪಕ್ಕದ ಊರಿನಲ್ಲಿ ಒಂದು ಸಲ ನಿಂತೆ, ಬಾವಿಕಟ್ಟೆಯಲ್ಲಿ ಒಂದು ಸಲ ನಿಂತೆ. ಎಮ್ಮೆಯೂ ಅಲ್ಲಲ್ಲಿ ನಿಂತು ನೀರು ಕುಡಿಯುತ್ತಿತ್ತಲ್ಲ, ಹಾಗಾಗಿ ಯಾರಿಗೂ ಅದೇನೂ ವಿಚಿತ್ರವೆನಿಸಲಿಲ್ಲ. ಎಮ್ಮೆ ಕುರಿಹಟ್ಟಿ ದಾಟಿ ಕತ್ತಲಲ್ಲಿ ಇನ್ನೊಂದು ಕೆರೆಯ ಏರಿ ಹತ್ತುತ್ತಿರುವಾಗ ಬೆಲ್ ಹೊಡೆಯಿತು. ನಾನು ನಿಲ್ಲಿಸಿದೆ.

"ಎಮ್ಮೆ ಸಿಕ್ತಾ ಮಿಸ್?" ಎಂದಳು ಎರಡು ಜಡೆಯವಳು. "ಸಿಕ್ತಾ ಮಿಸ್? ಹೇಳಿ ಮಿಸ್!" ಎಂದು ಇಡೀ ಕ್ಲಾಸು ಎದ್ದು ನಿಂತಿತು.

ಹೆಡ್ ಮಿಸ್ ಹಿಂದಿನ ಬೆಂಚಿನಿಂದ ಎದ್ದು ಬಂದು ಮೇಜಿನ ಮೇಲೆ ಮತ್ತೆ ಡಸ್ಟರ್ ಬಡಿದರು. "ಗಲಾಟೆ ಬೇಡ. ನಾಳೆ ಮಿಸ್ ಬಂದು ಹೇಳ್ತಾರೆ. ಈಗ ಗಣಿತದ ಪುಸ್ತಕ ತೆಗೀರಿ" ಎಂದರು.

ಬಸ್ಸಿಳಿದು ಮನೆಗೆ ಹೇಗೆ ನಡೆದೆನೋ ನೆನಪಿಲ್ಲ. ಅತ್ತೆ ಜಗಲಿಯಲ್ಲೇ ಕೂತಿದ್ದರು. ಹುಳದ ಮನೆಯಿಂದ ಸೊಪ್ಪು ಮೇಯುವ ಸದ್ದು ಅಲ್ಲಿಯವರೆಗೂ ಕೇಳುತ್ತಿತ್ತು. ನನ್ನ ಮುಖ ನೋಡಿದರು, ಕೆಲಸ ಸಿಕ್ಕಿತಾ ಎಂದು ಕೇಳಲು ಅವರಿಗೂ ಧೈರ್ಯವಾಗಲಿಲ್ಲವೋ ಏನೋ. "ಎಮ್ಮೆ ಸಿಕ್ತು ಅಂತ ಹೇಳ್ದ್ಯಾ?" ಎಂದರು.

"ಇಲ್ಲ ಅತ್ತೆ, ಬೆ... ಬೆ..."

ಅವರು ಕಾದರು.

"ಬೆಲ್ ಹೊಡೀತು. ನಾಳೆ ಬಂದು ಹೇಳ್ಬೇಕಂತೆ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮಂಡಿ ಹಿಡಿದು ಎದ್ದರು. "ಅಂಗಾರೆ ನಾಳಿಂದ ಮಧ್ಯಾನದ್ ಸೊಪ್ಪು ನನ್ದೇ ಅನ್ನು" ಎಂದು, ಕಾಫಿ ಮಾಡಲು ಒಳಗೆ ಹೋದರು.